ಡೇಟಾಬೇಸಿನಲ್ಲಿ ಕಟ್ಟಿಟ್ಟ ಆಬ್ಜೆಕ್ಟ್: ಒಂದು ವಿಮರ್ಶೆ

ಆಬ್ಜೆಕ್ಟ್ ಆಧಾರಿತ ಪ್ರೋಗ್ರಾಮಿಂಗ್ ಪಾಠದ ಮೊದಲ ವಾರಗಳಲ್ಲೇ ವಿದ್ಯಾರ್ಥಿಗಳು ಒಂದು ನಿಯಮ ಕಲಿಯುತ್ತಾರೆ. ಆಬ್ಜೆಕ್ಟ್ ಎಂದರೆ ದತ್ತಾಂಶವೂ ಅದರ ಮೇಲೆ ನಡೆಯುವ ಕ್ರಿಯೆಗಳೂ ಒಟ್ಟಿಗಿರುವ ಘಟಕ. ಅದರೊಳಗಿನ ದತ್ತಾಂಶವನ್ನು ಹೊರಗಿನವರು ನೇರವಾಗಿ ಮುಟ್ಟುವಂತಿಲ್ಲ. ಅದು ಹುಟ್ಟುವುದು ಕನ್‌ಸ್ಟ್ರಕ್ಟರ್ ಎಂಬ ಒಂದೇ ಬಾಗಿಲಿನಿಂದ. ತಪ್ಪು ಬೆಲೆಗಳನ್ನು ಆ ಬಾಗಿಲಲ್ಲೇ ತಡೆಯಬೇಕು. ಇದಾದ ಸ್ವಲ್ಪ ದಿನಗಳಿಗೆ ಸೀರಿಯಲೈಸೇಶನ್ ಎಂಬ ಅಧ್ಯಾಯ ಬರುತ್ತದೆ. ಆಬ್ಜೆಕ್ಟನ್ನು ಬೈಟ್‌ಗಳ ಸಾಲಾಗಿ ಮಾರ್ಪಡಿಸಿ ಕಡತದಲ್ಲೋ ಡೇಟಾಬೇಸಿನಲ್ಲೋ ಇಡಬಹುದು, ಬೇಕಾದಾಗ ಆ ಸಾಲಿನಿಂದ ಆಬ್ಜೆಕ್ಟನ್ನು ಇದ್ದಂತೆಯೇ ಮರಳಿ ಪಡೆಯಬಹುದು ಎಂದು ಅಲ್ಲಿ ಹೇಳಲಾಗುತ್ತದೆ. ಎರಡು ಆಜ್ಞೆಗಳಲ್ಲಿ ಕೆಲಸ ಮುಗಿಯುತ್ತದೆ. ಮರಳಿ ಬಂದ ಆಬ್ಜೆಕ್ಟ್ ಯಾವ ಬಾಗಿಲಿನಿಂದ ಒಳಗೆ ಬಂತು ಎಂಬ ಪ್ರಶ್ನೆಯನ್ನು ಮಾತ್ರ ಪಾಠ ಸಾಮಾನ್ಯವಾಗಿ ಎತ್ತುವುದಿಲ್ಲ.

ಅದು ಬಂದದ್ದು ಹಿತ್ತಿಲ ಬಾಗಿಲಿನಿಂದ. ಜಾವಾದಲ್ಲಾಗಲಿ ಪಿಎಚ್‌ಪಿಯಲ್ಲಾಗಲಿ ಹೀಗೆ ಮರಳಿ ಬರುವ ಆಬ್ಜೆಕ್ಟಿಗಾಗಿ ಆ ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡುವುದೇ ಇಲ್ಲ. ಬೈಟ್‌ಗಳಲ್ಲಿ ಏನಿದೆಯೋ ಅದನ್ನು ಭಾಷೆಯ ಯಂತ್ರಭಾಗವು ಖಾಸಗಿ ಫೀಲ್ಡ್‌ಗಳಿಗೂ ನೇರವಾಗಿ ತುಂಬಿಬಿಡುತ್ತದೆ. ಹೀಗಾಗಿ ಮೊದಲ ಪಾಠವೂ ಈ ಪಾಠವೂ ಒಂದಕ್ಕೊಂದು ವಿರುದ್ಧವಾಗಿವೆ. ಡೇಟಾಬೇಸಿನಲ್ಲಿ ಆಬ್ಜೆಕ್ಟುಗಳನ್ನು ಗಂಟು ಕಟ್ಟಿ ಇಡುವ ಪದ್ಧತಿಯಿಂದ ಆದ ನಷ್ಟಗಳೆಲ್ಲ ಬಹುಮಟ್ಟಿಗೆ ಈ ವಿರೋಧದಿಂದಲೇ ಹುಟ್ಟಿದವು ಎಂಬುದು ಈ ಲೇಖನದ ವಾದ.

ಗಂಟಿನೊಳಗೆ ಏನಿರುತ್ತದೆ?

ಗಣಕದ ಸ್ಮೃತಿಯಲ್ಲಿ ಒಂದು ಆಬ್ಜೆಕ್ಟ್ ಎಂದರೆ ಕೆಲವು ಬೆಲೆಗಳು, ಬೇರೆ ಆಬ್ಜೆಕ್ಟುಗಳ ವಿಳಾಸಗಳು ಮತ್ತು ತಾನು ಯಾವ ಕ್ಲಾಸಿಗೆ ಸೇರಿದ್ದೆಂಬ ಗುರುತು. ವಿಳಾಸಗಳಿಗೆ ಅರ್ಥವಿರುವುದು ಪ್ರೋಗ್ರಾಮ್ ಓಡುತ್ತಿರುವಷ್ಟು ಹೊತ್ತು ಮಾತ್ರ. ಆದ್ದರಿಂದ ಕಟ್ಟುವ ಯಂತ್ರಭಾಗವು ಒಂದು ಆಬ್ಜೆಕ್ಟಿನಿಂದ ಹೊರಟು, ಅದು ತೋರಿಸುವ ಆಬ್ಜೆಕ್ಟುಗಳನ್ನೂ, ಅವು ತೋರಿಸುವ ಇನ್ನಷ್ಟನ್ನೂ ಹುಡುಕಿಕೊಂಡು ಹೋಗಿ, ಎಲ್ಲದರ ಕ್ಲಾಸಿನ ಹೆಸರು, ಫೀಲ್ಡುಗಳ ಹೆಸರು ಮತ್ತು ಬೆಲೆಗಳನ್ನು ಒಂದರ ಹಿಂದೆ ಒಂದರಂತೆ ಬರೆಯುತ್ತದೆ. ಕ್ಲಾಸಿನ ಕ್ರಿಯೆಗಳು ಇದರಲ್ಲಿ ಇರುವುದಿಲ್ಲ. ಅವು ಪ್ರೋಗ್ರಾಮಿನ ಕಡತಗಳಲ್ಲೇ ಉಳಿಯುತ್ತವೆ. ಅಂದರೆ ಡೇಟಾಬೇಸಿಗೆ ಹೋಗುವುದು ಅರ್ಧ ಆಬ್ಜೆಕ್ಟ್. ಉಳಿದರ್ಧ ಬೇರೆಡೆ ಇದೆ, ಮತ್ತು ಅದು ದಿನದಿನಕ್ಕೆ ಬದಲಾಗುತ್ತಿರುತ್ತದೆ.

ಬಿಚ್ಚುವ ಹೊತ್ತಿಗೆ ಆ ಉಳಿದರ್ಧ ಕಾಣೆಯಾಗಿದ್ದರೆ? ಪಿಎಚ್‌ಪಿ ಆಗ ‘ಅಪೂರ್ಣ ಕ್ಲಾಸ್’ ಎಂಬ ವಿಶೇಷ ಹೆಸರಿನ ಒಂದು ಆಬ್ಜೆಕ್ಟನ್ನು ಕೈಗಿಡುತ್ತದೆ. ಬೆಲೆಗಳಿವೆ, ಆದರೆ ಯಾವ ಕ್ರಿಯೆಯನ್ನೂ ಕರೆಯುವಂತಿಲ್ಲ. ಜಾವಾ ಇನ್ನೂ ಬಿಗಿ. ಅದು ಪ್ರತಿ ಕ್ಲಾಸಿಗೂ 64 ಬಿಟ್‌ಗಳ ಒಂದು ಆವೃತ್ತಿ ಸಂಖ್ಯೆ ಇಟ್ಟುಕೊಳ್ಳುತ್ತದೆ. ಬರೆಯುವವರು ಆ ಸಂಖ್ಯೆಯನ್ನು ತಾವೇ ಘೋಷಿಸದಿದ್ದರೆ ಕ್ಲಾಸಿನ ಹೆಸರು, ಫೀಲ್ಡುಗಳು, ಕ್ರಿಯೆಗಳು ಇವನ್ನೆಲ್ಲ ಸೇರಿಸಿ ಜಾವಾವೇ ಲೆಕ್ಕ ಹಾಕುತ್ತದೆ. ಆಮೇಲೆ ಯಾರಾದರೂ ಕ್ಲಾಸಿಗೆ ಸಾರ್ವಜನಿಕ ಕ್ರಿಯೆಯೊಂದನ್ನು ಸೇರಿಸಿದರೆ ಸಾಕು, ದತ್ತಾಂಶದಲ್ಲಿ ಒಂದಕ್ಷರ ಬದಲಾಗದಿದ್ದರೂ ಹಳೆಯ ಗಂಟುಗಳು ಬಿಚ್ಚಿಕೊಳ್ಳುವುದಿಲ್ಲ. ಕ್ಲಾಸ್ ಸರಿಯಿಲ್ಲ ಎಂಬ ದೋಷಸೂಚನೆ ಬರುತ್ತದೆ.

ಸಂಖ್ಯೆಯನ್ನು ನಾವೇ ಘೋಷಿಸಿ ಈ ತೊಡಕಿನಿಂದ ಪಾರಾಗಬಹುದು, ನಿಜ. ಆದರೆ ಆಗ ಸದ್ದಿಲ್ಲದ ಇನ್ನೊಂದು ತಪ್ಪಿಗೆ ದಾರಿಯಾಗುತ್ತದೆ. ಶಾಲೆಯೊಂದರ ಅಂಕಗಳನ್ನು ಇಡುವ ಕ್ಲಾಸನ್ನು ಊಹಿಸಿಕೊಳ್ಳಿ. ಮೊದಲು ಅದರಲ್ಲಿ ವಿಷಯ ಮತ್ತು ಅಂಕ ಎಂಬ ಎರಡೇ ಫೀಲ್ಡುಗಳಿದ್ದವು. ಗರಿಷ್ಠ ಅಂಕ 100 ಎಂದು ಶೇಕಡ ಲೆಕ್ಕ ನಡೆಯುತ್ತಿತ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ ಗರಿಷ್ಠ 125 ಎಂಬುದು ಆಮೇಲೆ ನೆನಪಾಗಿ ‘ಗರಿಷ್ಠ’ ಎಂಬ ಮೂರನೆಯ ಫೀಲ್ಡ್ ಸೇರಿಸಿದರು, ಬೇರೇನೂ ಹೇಳದಿದ್ದರೆ ಅದರ ಬೆಲೆ 100 ಇರಲಿ ಎಂದು ಫೀಲ್ಡಿನ ಮುಂದೆಯೇ ಬರೆದರು. ಹೊಸ ಆಬ್ಜೆಕ್ಟುಗಳೆಲ್ಲ ಸರಿಯಾಗಿ ಹುಟ್ಟುತ್ತವೆ. ಆದರೆ ಡೇಟಾಬೇಸಿನಿಂದ ಬಂದ ಹಳೆಯ ಆಬ್ಜೆಕ್ಟಿನಲ್ಲಿ ಗರಿಷ್ಠ ಎಷ್ಟಿರುತ್ತದೆ? 100 ಅಲ್ಲ, ಸೊನ್ನೆ! ಏಕೆಂದರೆ ಜಾವಾದಲ್ಲಿ ಫೀಲ್ಡಿನ ಮುಂದೆ ಬರೆದ ಆರಂಭಿಕ ಬೆಲೆಯೂ ಕನ್‌ಸ್ಟ್ರಕ್ಟರಿನ ಜೊತೆಗೇ ಜಾರಿಗೆ ಬರುವಂಥದು. ಕನ್‌ಸ್ಟ್ರಕ್ಟರನ್ನು ಬಿಟ್ಟಾಗ ಅದೂ ಬಿಟ್ಟುಹೋಗುತ್ತದೆ. ಗಂಟಿನಲ್ಲಿ ಇಲ್ಲದ ಪೂರ್ಣಾಂಕ ಫೀಲ್ಡಿಗೆ ಸೊನ್ನೆ ಬೀಳುತ್ತದೆ. ಶೇಕಡ ತೆಗೆಯಹೋದರೆ ಸೊನ್ನೆಯಿಂದ ಭಾಗಿಸಿದ ದೋಷ. ಗರಿಷ್ಠ ಅಂಕ ಸೊನ್ನೆ ಇರುವ ಆಬ್ಜೆಕ್ಟ್ ಹುಟ್ಟಲೇಬಾರದು ಎಂದು ಕನ್‌ಸ್ಟ್ರಕ್ಟರಿನಲ್ಲಿ ಎಚ್ಚರಿಕೆಯಿಂದ ತಡೆ ಬರೆದಿದ್ದವರಿಗೂ ಇದರಿಂದ ರಕ್ಷಣೆಯಿಲ್ಲ. ಇದಕ್ಕಾಗಿಯೇ ಬರೆಯಬಹುದಾದ ಪ್ರತ್ಯೇಕ ಓದುವ ಕ್ರಿಯೆಯೊಂದಿದೆ. ಆದರೆ ಅದು ಎರಡನೆಯ ಕನ್‌ಸ್ಟ್ರಕ್ಟರನ್ನು ಬರೆದಂತೆಯೇ, ಮತ್ತು ಅದನ್ನು ಮರೆತರೆ ನೆನಪಿಸುವವರು ಯಾರೂ ಇಲ್ಲ.

ಅಕ್ಷರಗಳ ಎಣಿಕೆ

ಕನ್ನಡದಲ್ಲಿ ದತ್ತಾಂಶ ಇಡುವವರು ವಿಶೇಷವಾಗಿ ಗಮನಿಸಬೇಕಾದ ಒಂದು ತೊಡಕು ಪಿಎಚ್‌ಪಿಯ ಗಂಟಿನಲ್ಲಿದೆ. ಪಿಎಚ್‌ಪಿ ಕಟ್ಟಿದ ಸಾಲನ್ನು ಕಣ್ಣಿನಿಂದಲೇ ಓದಬಹುದು. ‘ಕನ್ನಡ’ ಎಂಬ ಪದವನ್ನು ಅದು ಕಟ್ಟಿದಾಗ ಮೊದಲು ಪದಸಾಲು ಎಂದು ಸೂಚಿಸುವ ಎಸ್ ಅಕ್ಷರ, ಅನಂತರ 15 ಎಂಬ ಸಂಖ್ಯೆ, ಆಮೇಲೆ ಉದ್ಧರಣ ಚಿಹ್ನೆಗಳ ನಡುವೆ ಪದ ಇರುತ್ತದೆ. 15 ಹೇಗೆ ಬಂತು? ಯೂನಿಕೋಡಿನಲ್ಲಿ ‘ಕನ್ನಡ’ ಎಂಬುದು ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 15. ಪಿಎಚ್‌ಪಿ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಬಿಚ್ಚುವಾಗ ಅದು ಸಂಖ್ಯೆಯನ್ನು ಓದಿ, ಅಷ್ಟೇ ಬೈಟ್ ಮುಂದೆ ಹೋಗಿ, ಅಲ್ಲಿ ಉದ್ಧರಣ ಚಿಹ್ನೆ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಇಡೀ ಗಂಟನ್ನೇ ಕೈಬಿಟ್ಟು ‘ಸುಳ್ಳು’ ಎಂಬ ಬೆಲೆ ಮರಳಿಸುತ್ತದೆ. ಒಂದು ಪದದ ಎಣಿಕೆ ತಪ್ಪಿದರೆ ಅದೇ ಗಂಟಿನಲ್ಲಿರುವ ಇನ್ನೂರು ಸರಿಯಾದ ಬೆಲೆಗಳೂ ಕೈತಪ್ಪುತ್ತವೆ.

ಈಗ ಹಳೆಯ ದತ್ತಾಂಶವನ್ನು ಯೂನಿಕೋಡಿಗೆ ತರುವ ಕೆಲಸವನ್ನು ನೆನೆದುಕೊಳ್ಳಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿ ಬರೆದ ಕನ್ನಡ ನಮ್ಮ ಕಚೇರಿ, ಮುದ್ರಣಾಲಯಗಳಲ್ಲಿ ರಾಶಿಯಾಗಿ ಉಳಿದಿದೆ. ಆ ಕ್ರಮದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಒತ್ತು ಚಿಹ್ನೆಗಳುಳ್ಳ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ನುಡಿಯಲ್ಲಿ ‘ಕನ್ನಡ’ ಎಂಬ ಪದಕ್ಕೆ ಬೇಕಾಗುವುದು ಏಳು ಸ್ಥಾನ. ಮೊದಲನೆಯದು ಇಂಗ್ಲಿಷಿನ ದೊಡ್ಡ ಪಿ ಅಕ್ಷರ. ಒಂದು ಸ್ಥಾನಕ್ಕೆ ಒಂದು ಬೈಟ್ ಇದ್ದ ಕಾಲದಲ್ಲಿ ಗಂಟಿನೊಳಗಿನ ಸಂಖ್ಯೆ 7. ಅದನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಬೈಟ್‌ಗಳು 15 ಆಗುತ್ತವೆ, ಸಂಖ್ಯೆ ಮಾತ್ರ 7 ಆಗಿಯೇ ಉಳಿಯುತ್ತದೆ. ಇಷ್ಟೇ ಆಗಿದ್ದರೆ ಸಂಖ್ಯೆಗಳನ್ನು ಮತ್ತೆ ಎಣಿಸಿ ತಿದ್ದಬಹುದಿತ್ತು. ಆದರೆ ಗಂಟಿನಲ್ಲಿ ಕ್ಲಾಸಿನ ಹೆಸರು, ಫೀಲ್ಡಿನ ಹೆಸರು, ಎಸ್ ಎಂಬ ಗುರುತು ಇವೆಲ್ಲ ನಿಜವಾದ ಇಂಗ್ಲಿಷ್ ಅಕ್ಷರಗಳಲ್ಲಿವೆ. ಪರಿವರ್ತಕಕ್ಕೆ ಅವೂ ಫಾಂಟ್ ಸಂಕೇತಗಳಂತೆಯೇ ಕಾಣುತ್ತವೆ! ಕ್ಲಾಸಿನ ಹೆಸರೇ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಅದೇ ದತ್ತಾಂಶ ವಿಷಯಕ್ಕೊಂದು, ಅಂಕಕ್ಕೊಂದು ಎಂಬಂತೆ ಬೇರೆ ಬೇರೆ ಕಾಲಂಗಳಲ್ಲಿ ಇದ್ದಿದ್ದರೆ ವಿಷಯದ ಕಾಲಂ ಒಂದನ್ನು ಪರಿವರ್ತಿಸಿದ್ದರೆ ಮುಗಿಯುತ್ತಿತ್ತು.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವೂ ಅಲ್ಲ. ವರ್ಡ್‌ಪ್ರೆಸ್ ತಂತ್ರಾಂಶ ತನ್ನ ಎಷ್ಟೋ ಆಯ್ಕೆಗಳನ್ನು ಪಿಎಚ್‌ಪಿ ಗಂಟುಗಳಾಗಿಯೇ ಡೇಟಾಬೇಸಿನಲ್ಲಿ ಇಡುತ್ತದೆ. ಜಾಲತಾಣದ ವಿಳಾಸ ಬದಲಾದಾಗ ಡೇಟಾಬೇಸಿನಲ್ಲಿ ನೇರವಾಗಿ ಹಳೆಯ ವಿಳಾಸ ಹುಡುಕಿ ಹೊಸದನ್ನು ಹಾಕಿದರೆ, ಎರಡರ ಉದ್ದ ಒಂದೇ ಆಗಿರದ ಕಡೆಯಲ್ಲೆಲ್ಲ ಗಂಟುಗಳು ಕೆಡುತ್ತವೆ. ಇದಕ್ಕೆಂದೇ ಗಂಟು ಬಿಚ್ಚಿ, ತಿದ್ದಿ, ಮತ್ತೆ ಕಟ್ಟುವ ಬೇರೆ ಸಾಧನಗಳು ಬಂದಿವೆ. ಒಂದು ಪದ ಬದಲಿಸಲು ಪ್ರತ್ಯೇಕ ಸಾಧನ ಬೇಕಾದ ಡೇಟಾಬೇಸನ್ನು ಡೇಟಾಬೇಸ್ ಎನ್ನಬೇಕೋ ಉಗ್ರಾಣ ಎನ್ನಬೇಕೋ ಓದುಗರೇ ತೀರ್ಮಾನಿಸಲಿ. ಖಾಸಗಿ ಫೀಲ್ಡಿನ ಹೆಸರಿನ ಸುತ್ತ ಪಿಎಚ್‌ಪಿ ಸೊನ್ನೆ ಬೆಲೆಯ ಬೈಟ್‌ಗಳನ್ನೂ ಸೇರಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪಠ್ಯ ಕಾಲಂ ಅಂಥ ಬೈಟನ್ನು ಸ್ವೀಕರಿಸುವುದಿಲ್ಲ. ಗಂಟನ್ನು ಪಠ್ಯ ಕಾಲಂನಲ್ಲಿ ಇಡದೆ ಬರಿಯ ಬೈಟ್‌ಗಳ ಕಾಲಂನಲ್ಲಿ ಇಡಿ ಎಂದು ಪಿಎಚ್‌ಪಿ ಕೈಪಿಡಿ ಹೇಳುವುದು ಈ ಕಾರಣಕ್ಕೆ.

2015ರ ಡಿಸೆಂಬರ್

ಎಣಿಕೆ ತಪ್ಪಿದರೆ ದತ್ತಾಂಶ ಕಳೆದುಹೋಗುತ್ತದೆ, ಅಷ್ಟೇ ತಾನೆ ಎನ್ನುವವರು ಜೂಮ್ಲಾ ಪ್ರಕರಣವನ್ನು ಓದಬೇಕು. ಡೇಟಾಬೇಸಿನಿಂದ ಆಬ್ಜೆಕ್ಟುಗಳನ್ನು ಮರಳಿ ಪಡೆಯುವ ಪದ್ಧತಿಯ ಎಲ್ಲ ದೋಷಗಳೂ ಒಂದೆಡೆ ಕೂಡಿದ ಉದಾಹರಣೆ ಅದು. ಜಾಲತಾಣಗಳನ್ನು ಕಟ್ಟಲು ಬಳಸುವ ಜೂಮ್ಲಾ ಪಿಎಚ್‌ಪಿಯಲ್ಲಿ ಬರೆದ ತಂತ್ರಾಂಶ. ತಾಣಕ್ಕೆ ಬಂದವರ ಸೆಷನ್, ಅಂದರೆ ಒಬ್ಬರ ಒಂದು ಭೇಟಿಯ ವಿವರಗಳನ್ನು ಅದು ಗಂಟಾಗಿ ಕಟ್ಟಿ ಮೈಎಸ್‌ಕ್ಯೂಎಲ್ ಕೋಷ್ಟಕದಲ್ಲಿ ಇಡುತ್ತಿತ್ತು. ಆ ವಿವರಗಳಲ್ಲಿ ಬ್ರೌಸರ್ ತನ್ನ ಹೆಸರೆಂದು ಹೇಳಿಕೊಳ್ಳುವ ಪಠ್ಯವೂ ಸೇರಿತ್ತು. ಆ ಪಠ್ಯದಲ್ಲಿ ಏನು ಬೇಕಾದರೂ ಬರೆದು ಕಳಿಸುವುದು ಬಂದವರ ಕೈಯಲ್ಲಿದೆ. ಇದರಿಂದೇನೂ ಅಪಾಯವಿಲ್ಲ, ಏಕೆಂದರೆ ಗಂಟಿನಲ್ಲಿ ಅದು ಉದ್ದವನ್ನು ನಮೂದಿಸಿದ ಒಂದು ಪದಸಾಲು ಮಾತ್ರ. ಅದರೊಳಗೆ ಗಂಟಿನ ವ್ಯಾಕರಣವನ್ನೇ ಅನುಕರಿಸಿ ಬರೆದಿದ್ದರೂ ಬಿಚ್ಚುವವನು ಅದನ್ನು ದಾಟಿ ಹೋಗುತ್ತಾನೆ.

ತೊಂದರೆ ಬಂದದ್ದು ಡೇಟಾಬೇಸಿನ ಕಡೆಯಿಂದ. ಮೈಎಸ್‌ಕ್ಯೂಎಲ್‌ನ ‘ಯುಟಿಎಫ್8’ ಎಂಬ ಹಳೆಯ ಅಕ್ಷರಕ್ರಮ ಹೆಸರಿಗೆ ತಕ್ಕಂತೆ ಪೂರ್ಣವಾದುದಲ್ಲ. ಅದು ಮೂರು ಬೈಟ್‌ವರೆಗಿನ ಅಕ್ಷರಗಳನ್ನು ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಮೂರೇ ಬೈಟ್ ಆದ್ದರಿಂದ ನಮಗೆ ಇದು ಬಾಧಿಸಲಿಲ್ಲ. ಆದರೆ ಭಾವಚಿಹ್ನೆಗಳಂಥ ಅನೇಕ ಸಂಕೇತಗಳಿಗೆ ನಾಲ್ಕು ಬೈಟ್ ಬೇಕು. ನಾಲ್ಕು ಬೈಟ್‌ನ ಪೂರ್ಣ ಕ್ರಮ 2010ರಲ್ಲಿ 5.5.3ನೆಯ ಆವೃತ್ತಿಯೊಂದಿಗೆ ಬಂದಿದ್ದರೂ ಹಳೆಯ ಕೋಷ್ಟಕಗಳು ಹಾಗೆಯೇ ಇದ್ದವು. ಕಟ್ಟುನಿಟ್ಟಿನ ಸ್ಥಿತಿಯಲ್ಲಿ ಇಲ್ಲದ ಮೈಎಸ್‌ಕ್ಯೂಎಲ್ ಇಂಥ ನಾಲ್ಕು ಬೈಟ್ ಅಕ್ಷರ ಬಂದೊಡನೆ ಅಲ್ಲಿಂದ ಮುಂದಿನದನ್ನೆಲ್ಲ ಕತ್ತರಿಸಿ ಉಳಿದದ್ದನ್ನು ಉಳಿಸಿಕೊಳ್ಳುತ್ತಿತ್ತು. ಬರೆಯುವವರಿಗೆ ಸಿಗುತ್ತಿದ್ದದ್ದು ಒಂದು ಎಚ್ಚರಿಕೆ ಮಾತ್ರ.

ದಾಳಿಕಾರರು ಮಾಡಿದ್ದು ಇಷ್ಟು. ಬ್ರೌಸರ್ ಹೆಸರಿನ ಜಾಗದಲ್ಲಿ ಗಂಟಿನ ವ್ಯಾಕರಣದಲ್ಲೇ ಬರೆದ ಒಂದು ಆಬ್ಜೆಕ್ಟನ್ನು ಇಟ್ಟು, ಅದರ ಕೊನೆಗೆ ಒಂದು ನಾಲ್ಕು ಬೈಟ್ ಅಕ್ಷರ ಸೇರಿಸಿದರು. ಡೇಟಾಬೇಸ್ ಅಲ್ಲಿಗೆ ಕತ್ತರಿಸಿತು. ಮುಂದಿನ ಭೇಟಿಯಲ್ಲಿ ಪಿಎಚ್‌ಪಿ ಗಂಟು ಬಿಚ್ಚಹೊರಟಾಗ ನಮೂದಿಸಿದ ಉದ್ದದಷ್ಟು ಬೈಟ್‌ಗಳೇ ಇಲ್ಲ. ಅಲ್ಲಿಗೆ ಸೋಲೊಪ್ಪಿ ನಿಲ್ಲಬೇಕಾಗಿದ್ದ ಸೆಷನ್ ಓದುವ ಭಾಗದಲ್ಲಿ ಆಗ ಒಂದು ದೋಷವಿತ್ತು: ಅದು ನಿಲ್ಲದೆ ಮುಂದಿನ ವಿಭಾಜಕ ಚಿಹ್ನೆಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಆ ಚಿಹ್ನೆ ಸಿಕ್ಕಿದ್ದು ದಾಳಿಕಾರರ ಪಠ್ಯದ ಒಳಗೆ. ಈವರೆಗೆ ಬರಿಯ ಪಠ್ಯವಾಗಿದ್ದುದು ಈಗ ಆಬ್ಜೆಕ್ಟ್ ಆಯಿತು! ಪಿಎಚ್‌ಪಿಯ ಈ ದೋಷವನ್ನು 2015ರ ಸೆಪ್ಟೆಂಬರಿನ ಆವೃತ್ತಿಗಳಲ್ಲಿ ತಿದ್ದಿದ್ದರು. ಆದರೆ ಹಳೆಯ ಆವೃತ್ತಿಗಳು ಎಷ್ಟೋ ಕಡೆ ಓಡುತ್ತಿದ್ದವು.

ಆಬ್ಜೆಕ್ಟ್ ಹುಟ್ಟಿದರೆ ಏನಾಯಿತು, ಅದರ ಕ್ರಿಯೆಗಳು ಗಂಟಿನಲ್ಲಿ ಬರುವುದಿಲ್ಲವಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ದಾಳಿಕಾರರು ಹೊಸ ಕ್ರಿಯೆಗಳನ್ನು ತರಲಿಲ್ಲ. ಜೂಮ್ಲಾದಲ್ಲಿ ಮೊದಲೇ ಇದ್ದ ಕ್ಲಾಸುಗಳನ್ನೇ ಬಳಸಿದರು. ಡೇಟಾಬೇಸ್ ಸಂಪರ್ಕ ನೋಡಿಕೊಳ್ಳುವ ಕ್ಲಾಸಿನ ಆಬ್ಜೆಕ್ಟ್ ಅಳಿಯುವಾಗ ತನ್ನ ಒಂದು ಖಾಸಗಿ ಪಟ್ಟಿಯಲ್ಲಿರುವ ಕೆಲಸಗಳನ್ನು ಕರೆದು ಸಂಪರ್ಕ ಮುಚ್ಚುತ್ತದೆ. ಸರಿಯಾದ ದಾರಿಯಲ್ಲಿ ಹುಟ್ಟಿದ ಆಬ್ಜೆಕ್ಟಿನಲ್ಲಿ ಆ ಪಟ್ಟಿಗೆ ಬೇರೆಯವರು ಕೈಹಾಕುವಂತಿಲ್ಲ. ಹಿತ್ತಿಲ ಬಾಗಿಲಿನಿಂದ ಬಂದ ಆಬ್ಜೆಕ್ಟಿನ ಪಟ್ಟಿಯಲ್ಲಿ ಏನಿರಬೇಕೆಂದು ತೀರ್ಮಾನಿಸಿದವರು ದಾಳಿಕಾರರು. ಅಲ್ಲಿಂದ ಸುದ್ದಿ ಸಾರಾಂಶ ಓದುವ ಸಿಂಪಲ್‌ಪೈ ಕ್ಲಾಸಿನ ಮೂಲಕ ತಮಗೆ ಬೇಕಾದ ಆಜ್ಞೆಯನ್ನೇ ಓಡಿಸಿದರು. 1.5ರಿಂದ 3.4.5ರವರೆಗಿನ ಜೂಮ್ಲಾ ಆವೃತ್ತಿಗಳೆಲ್ಲ ಇದಕ್ಕೆ ಈಡಾಗಿದ್ದವು. 2015ರ ಡಿಸೆಂಬರ್ 14ರಂದು 3.4.6 ಬಿಡುಗಡೆಯಾಗುವ ಮೊದಲೇ ದಾಳಿಗಳು ಆರಂಭವಾಗಿದ್ದವು.

ಇಲ್ಲಿ ತಪ್ಪು ಯಾರದು? ಕತ್ತರಿಸಿದ ಡೇಟಾಬೇಸಿನದೇ, ನಿಲ್ಲದೆ ಮುಂದೆ ಹೋದ ಪಿಎಚ್‌ಪಿಯದೇ, ಹೊರಗಿನ ಪಠ್ಯವನ್ನು ಪರೀಕ್ಷಿಸದೆ ಇಟ್ಟ ಜೂಮ್ಲಾದ್ದೇ? ಆ ಕಾಲದ ವರದಿಗಳನ್ನು ಓದಿದರೆ ಮೂವರಿಗೂ ಪಾಲು ಹಂಚಬಹುದು. ಆದರೆ ಸೆಷನ್ ಕೋಷ್ಟಕದಲ್ಲಿ ಬ್ರೌಸರ್ ಹೆಸರಿಗೆ ಒಂದು ಕಾಲಂ ಇದ್ದು ಅದರಲ್ಲಿ ಪಠ್ಯವನ್ನಷ್ಟೇ ಇಟ್ಟಿದ್ದರೆ ಈ ಮೂರೂ ತಪ್ಪುಗಳು ಕೂಡಿದ್ದರೂ ಆಗುತ್ತಿದ್ದ ನಷ್ಟ ಅರ್ಧಕ್ಕೆ ತುಂಡಾದ ಒಂದು ಹೆಸರು ಮಾತ್ರ. ಪಠ್ಯವನ್ನು ಆಬ್ಜೆಕ್ಟಾಗಿಸುವ ಶಕ್ತಿ ಬಂದದ್ದು ಕಟ್ಟಿಬಿಚ್ಚುವ ಪದ್ಧತಿಯಿಂದ.

ಪಿಎಚ್‌ಪಿಯಲ್ಲಿ ಇಂಥ ದಾಳಿ ಸಾಧ್ಯ ಎಂದು ಸ್ಟೆಫಾನ್ ಎಸ್ಸರ್ 2010ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ವಿವರವಾಗಿ ತೋರಿಸಿದ್ದರು. ಜಾವಾದ ಸರದಿ 2015ರಲ್ಲಿ ಬಂತು. ಆ ವರ್ಷದ ಜನವರಿಯಲ್ಲಿ ಗೇಬ್ರಿಯಲ್ ಲಾರೆನ್ಸ್ ಮತ್ತು ಕ್ರಿಸ್ ಫ್ರೊಹಾಫ್, ಅಪಾಚಿ ಕಾಮನ್ಸ್ ಕಲೆಕ್ಷನ್ಸ್ ಎಂಬ ಎಲ್ಲೆಡೆ ಬಳಕೆಯಲ್ಲಿದ್ದ ಕ್ಲಾಸುಗಳ ಸಂಗ್ರಹದಿಂದಲೇ ದಾಳಿಯ ಸರಪಳಿ ಕಟ್ಟಬಹುದೆಂದು ತೋರಿಸಿದರು. ಆಗ ಹೆಚ್ಚು ಮಂದಿ ಕಿವಿಗೊಡಲಿಲ್ಲ. ನವೆಂಬರಿನಲ್ಲಿ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಜೆಂಕಿನ್ಸ್‌ಗಳ ಮೇಲೆ ಅದೇ ಉಪಾಯ ಫಲಿಸುವುದನ್ನು ಕಂಡಾಗ ಗದ್ದಲವಾಯಿತು. ಅಲ್ಲಿ ಬೈಟ್‌ಗಳು ಬಂದದ್ದು ಜಾಲದಿಂದ, ಡೇಟಾಬೇಸಿನಿಂದಲ್ಲ. ಬಿಚ್ಚುವ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯದು. ನಮ್ಮದೇ ಡೇಟಾಬೇಸ್, ನಾವೇ ಬರೆದ ಬೈಟ್‌ಗಳು ಎಂಬ ಭರವಸೆಯೂ ಜೂಮ್ಲಾದ ಉದಾಹರಣೆಯ ಮುಂದೆ ನಿಲ್ಲುವುದಿಲ್ಲ.

ಅನುಕೂಲದ ವಾದ

ಈ ಪದ್ಧತಿಯ ಪರವಾಗಿ ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆಬ್ಜೆಕ್ಟುಗಳು ಬಲೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ; ಕೋಷ್ಟಕಗಳು ಚಪ್ಪಟೆ. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಪ್ರೋಗ್ರಾಮ್ ಬರೆಯುವುದು ಬೇಸರದ ಕೆಲಸ, ಅದರಲ್ಲಿ ತಪ್ಪುಗಳೂ ನುಸುಳುತ್ತವೆ. ಸೀರಿಯಲೈಸೇಶನ್ ಆ ಬೇಸರವನ್ನು ಎರಡು ಆಜ್ಞೆಗಳಲ್ಲಿ ಕಳೆಯುತ್ತದೆ. ಒಂದೇ ಗಂಟಿನೊಳಗೆ ಬಲೆಯ ಆಕಾರವನ್ನು, ಸುತ್ತಿ ಬರುವ ಸಂಬಂಧಗಳನ್ನೂ ಸೇರಿಸಿ, ಅದು ಚೆನ್ನಾಗಿಯೇ ಕಾಪಾಡುತ್ತದೆ. ಕೆಲವು ನಿಮಿಷ ಬದುಕಿ ಸಾಯುವ ತಾತ್ಕಾಲಿಕ ಸಂಗ್ರಹಕ್ಕೆ, ಬೈಟ್‌ಗಳು ಹೊರಗಿನವರ ಕೈಗೆ ಸಿಗುವುದಿಲ್ಲ ಎಂಬುದು ಖಚಿತವಿದ್ದರೆ, ಇದು ಸಲ್ಲುತ್ತದೆ. ಗಂಟು ಬಿಚ್ಚಿಕೊಳ್ಳದಿದ್ದರೆ ಎಸೆದು ಹೊಸದಾಗಿ ಲೆಕ್ಕ ಹಾಕಿದರಾಯಿತು.

ಆದರೆ ಬಲೆ ಉಳಿಯುವುದು ಒಂದೇ ಗಂಟಿನೊಳಗೆ ಮಾತ್ರ. ಡೇಟಾಬೇಸಿನಲ್ಲಿ ವಿದ್ಯಾರ್ಥಿಗೊಂದು ಸಾಲು, ಸಾಲಿಗೊಂದು ಗಂಟು. ನಲವತ್ತು ವಿದ್ಯಾರ್ಥಿಗಳ ಆಬ್ಜೆಕ್ಟುಗಳು ಒಬ್ಬರೇ ಶಿಕ್ಷಕರ ಆಬ್ಜೆಕ್ಟನ್ನು ತೋರಿಸುತ್ತಿದ್ದವು ಎನ್ನಿ. ನಲವತ್ತನ್ನೂ ಬೇರೆಬೇರೆಯಾಗಿ ಕಟ್ಟಿದಾಗ ಪ್ರತಿ ಗಂಟಿನಲ್ಲೂ ಶಿಕ್ಷಕರ ಒಂದೊಂದು ಪ್ರತಿ ಸೇರುತ್ತದೆ. ಬಿಚ್ಚಿದಾಗ ಶಿಕ್ಷಕರು ನಲವತ್ತು ಜನ. ಒಬ್ಬರ ದೂರವಾಣಿ ಸಂಖ್ಯೆ ಬದಲಿಸಿದರೆ ಉಳಿದ ಮೂವತ್ತೊಂಬತ್ತು ಮಂದಿಗೆ ಅದು ಗೊತ್ತಾಗುವುದಿಲ್ಲ. ಕನ್ನಡದಲ್ಲಿ 100ಕ್ಕಿಂತ ಹೆಚ್ಚು ಅಂಕ ಪಡೆದವರು ಯಾರು ಎಂದು ಡೇಟಾಬೇಸನ್ನು ಕೇಳುವಂತೆಯೂ ಇಲ್ಲ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ದತ್ತಾಂಶವನ್ನು ಬಳಸುವವರು ಅದರ ಒಳಗಿನ ಜೋಡಣೆಯನ್ನು ಅವಲಂಬಿಸದಂತಿರಬೇಕು ಎಂಬ ಯೋಚನೆಯಿಂದಲೇ ಎಡ್ಗರ್ ಕಾಡ್ 1970ರಲ್ಲಿ ತಮ್ಮ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದ್ದು. ಆ ಮಾದರಿಯ ಡೇಟಾಬೇಸಿನೊಳಗೆ, ಒಂದೇ ಭಾಷೆಯ ಒಂದೇ ಪ್ರೋಗ್ರಾಮಿಗೆ ಮಾತ್ರ ಅರ್ಥವಾಗುವ ಗಂಟನ್ನು ಇಡುವುದು ಅಂದು ಬಿಟ್ಟುಬಂದ ತೊಂದರೆಗೇ ಮರಳಿದಂತೆ. ಪ್ರೋಗ್ರಾಮುಗಳು ಕೆಲವು ವರ್ಷಕ್ಕೊಮ್ಮೆ ಹೊಸದಾಗುತ್ತವೆ. ವಿದ್ಯಾರ್ಥಿಯ ಅಂಕ ಮೂವತ್ತು ವರ್ಷದ ಮೇಲೂ ಬೇಕಾಗುತ್ತದೆ.

ಭಾಷೆಗಳನ್ನು ಕಟ್ಟಿದವರೇ ಈ ತಪ್ಪನ್ನು ಒಪ್ಪಿದ್ದಾರೆ ಎಂಬುದನ್ನೂ ಹೇಳಬೇಕು. ಜಾವಾಕ್ಕೆ ಸೀರಿಯಲೈಸೇಶನ್ ಬಂದದ್ದು 1997ರಲ್ಲಿ, 1.1ನೆಯ ಆವೃತ್ತಿಯಲ್ಲಿ. ಆ ಭಾಷೆಯ ಮುಖ್ಯ ವಿನ್ಯಾಸಕಾರ ಮಾರ್ಕ್ ರೈನ್‌ಹೋಲ್ಡ್ 2018ರಲ್ಲಿ ಅದನ್ನು ಭಾರಿ ತಪ್ಪು ಎಂದೇ ಕರೆದರು. ಜೋಶುವಾ ಬ್ಲಾಕ್ ತಮ್ಮ ‘ಎಫೆಕ್ಟಿವ್ ಜಾವಾ’ದ ಮೂರನೆಯ ಆವೃತ್ತಿಯಲ್ಲಿ ಹೊಸ ವ್ಯವಸ್ಥೆಗಳಲ್ಲಿ ಇದನ್ನು ಬಳಸಲು ಯಾವ ಕಾರಣವೂ ಇಲ್ಲ ಎಂಬ ನಿಲುವು ತಳೆದರು. 2019ರಲ್ಲಿ ಬ್ರಯನ್ ಗೋಟ್ಸ್ ಬರೆದ ಟಿಪ್ಪಣಿಯ ಆಕ್ಷೇಪವೂ ನಾವು ಮೇಲೆ ನೋಡಿದ್ದೇ: ಇದು ಭಾಷೆಯ ನಿಯಮಗಳಿಗೆ ಹೊರಗಿನ, ಕಣ್ಣಿಗೆ ಕಾಣದ ಕನ್‌ಸ್ಟ್ರಕ್ಟರ್. 2021ರಲ್ಲಿ ಜಾವಾ 16ರೊಂದಿಗೆ ‘ರೆಕಾರ್ಡ್’ ಎಂಬ ಹೊಸ ಬಗೆಯ ಕ್ಲಾಸ್ ಸ್ಥಿರವಾಗಿ ಬಂತು. ಅದರ ಆಬ್ಜೆಕ್ಟನ್ನು ಬೈಟ್‌ಗಳಿಂದ ಮರಳಿ ಪಡೆಯುವಾಗ ಜಾವಾ ಬೆಲೆಗಳನ್ನು ಓದಿ ಅದರ ಮುಖ್ಯ ಕನ್‌ಸ್ಟ್ರಕ್ಟರಿಗೇ ಒಪ್ಪಿಸುತ್ತದೆ. ಮೇಲಿನ ಅಂಕದ ಕ್ಲಾಸನ್ನು ರೆಕಾರ್ಡಾಗಿ ಬರೆದಿದ್ದರೆ ಗರಿಷ್ಠ ಸೊನ್ನೆ ಇರುವ ಹಳೆಯ ಗಂಟು ಬಾಗಿಲಲ್ಲೇ ಸಿಕ್ಕಿಬೀಳುತ್ತಿತ್ತು. ಮುಂಬಾಗಿಲಿನಿಂದ ಬರಮಾಡಿಕೊಳ್ಳಲು 24 ವರ್ಷ ಬೇಕಾಯಿತು. ಅದೂ ರೆಕಾರ್ಡುಗಳಿಗೆ ಮಾತ್ರ.

ಉಳಿದ ತಿದ್ದುಪಡಿಗಳು ಬಾಗಿಲು ಬದಲಿಸಿದವಲ್ಲ, ಹಿತ್ತಿಲಿಗೆ ಕಾವಲು ಹಾಕಿದವು. ಪಿಎಚ್‌ಪಿ 7ರಲ್ಲಿ ಯಾವ ಯಾವ ಕ್ಲಾಸುಗಳನ್ನು ಬಿಚ್ಚಬಹುದು ಎಂಬ ಪಟ್ಟಿ ಕೊಡುವ ಸೌಲಭ್ಯ ಬಂತು, ಜಾವಾ 9ರಲ್ಲಿ ಅಂಥದೇ ಜರಡಿ ಬಂತು. ಪಟ್ಟಿ ಕೊಡಲು ಮರೆತವರಿಗೆ ಇದರಿಂದ ಪ್ರಯೋಜನವಿಲ್ಲ. ಪೈಥಾನಿನ ‘ಪಿಕಲ್’ ಕ್ರಮದ್ದೂ ಇದೇ ಕಥೆ. ಯಂತ್ರಕಲಿಕೆಯ ಮಾದರಿಗಳನ್ನು ಅದರಲ್ಲಿ ಕಟ್ಟಿ ಹಂಚುವ ರೂಢಿ ಹಬ್ಬಿದ ಮೇಲೆ, 2025ರ ಜನವರಿಯಲ್ಲಿ ಬಂದ ಪೈಟಾರ್ಚ್ 2.6, ಬಳಕೆದಾರರು ಬೇರೇನೂ ಹೇಳದಿದ್ದರೆ ತೂಕಗಳ ಸಂಖ್ಯೆಗಳಂಥ ಸರಳ ದತ್ತಾಂಶವನ್ನು ಮಾತ್ರ ಓದುವಂತೆ ಬದಲಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಬೇರೆಯವರ ಮಾದರಿ ಇಳಿಸಿಕೊಳ್ಳುವ ಮುನ್ನ ಇದನ್ನು ತಿಳಿದಿರಬೇಕು.

ಹಾಗಾದರೆ ಆಬ್ಜೆಕ್ಟನ್ನು ಮರಳಿ ಪಡೆಯುವುದು ಹೇಗೆ? ಡೇಟಾಬೇಸಿನಲ್ಲಿ ಸಂಗತಿಗಳನ್ನು ಇಡಬೇಕು: ವಿಷಯ ಒಂದು ಕಾಲಂ, ಅಂಕ ಒಂದು, ಗರಿಷ್ಠ ಒಂದು, ಶಿಕ್ಷಕರ ಗುರುತಿನ ಸಂಖ್ಯೆ ಒಂದು. ಓದಿದ ಸಾಲನ್ನು ಹೊರಗಿನಿಂದ ಬಂದ ದತ್ತಾಂಶದಂತೆಯೇ ಕನ್‌ಸ್ಟ್ರಕ್ಟರಿಗೆ ಒಪ್ಪಿಸಬೇಕು. ರಚನೆ ಮೊದಲೇ ತಿಳಿಯದ ದತ್ತಾಂಶವಾದರೆ ಜೇಸನ್‌ನಂಥ ಸರಳ ಪಠ್ಯವಾಗಿ ಇಟ್ಟು ಅದರೊಂದಿಗೆ ಆವೃತ್ತಿ ಸಂಖ್ಯೆ ಬರೆಯಬಹುದು; ಜೇಸನ್‌ನಲ್ಲಿ ಕ್ಲಾಸಿನ ಹೆಸರಿಗೆ ಜಾಗವಿಲ್ಲ ಎಂಬುದೇ ಅದರ ಗುಣ. ಕೆಲವು ಜೇಸನ್ ಸಾಧನಗಳು ಕ್ಲಾಸಿನ ಹೆಸರನ್ನೂ ಸೇರಿಸುವ ಸೌಲಭ್ಯ ಕೊಟ್ಟು ಆ ಗುಣವನ್ನೂ ಕೆಡಿಸಿವೆ. ಸಾಲುಗಳಿಂದ ಆಬ್ಜೆಕ್ಟ್ ಕಟ್ಟಿಕೊಡುವ ಹೈಬರ್ನೇಟ್‌ನಂಥ ಸಾಧನಗಳು ಬೇಸರದ ಕೆಲಸವನ್ನು ತಪ್ಪಿಸುತ್ತವೆ, ಆದರೆ ಕುರುಡಾಗಿ ನಂಬುವಂತಿಲ್ಲ. ಹೈಬರ್ನೇಟ್ ಸಾಮಾನ್ಯವಾಗಿ ಖಾಲಿ ಕನ್‌ಸ್ಟ್ರಕ್ಟರಿನಿಂದ ಆಬ್ಜೆಕ್ಟ್ ಹುಟ್ಟಿಸಿ ಆಮೇಲೆ ಫೀಲ್ಡುಗಳನ್ನು ತುಂಬುತ್ತದೆ. ಪಿಎಚ್‌ಪಿಯ ಪಿಡಿಓ ಸಾಲನ್ನು ಆಬ್ಜೆಕ್ಟಾಗಿ ಕೊಡುವಾಗ, ಬೇರೆ ಸೂಚನೆ ಕೊಡದಿದ್ದರೆ, ಮೊದಲು ಫೀಲ್ಡುಗಳನ್ನು ತುಂಬಿ ಅನಂತರ ಕನ್‌ಸ್ಟ್ರಕ್ಟರನ್ನು ಕರೆಯುತ್ತದೆ! ಈ ಕ್ರಮ ಗೊತ್ತಿಲ್ಲದೆ ಕನ್‌ಸ್ಟ್ರಕ್ಟರಿನಲ್ಲಿ ಆರಂಭಿಕ ಬೆಲೆ ಬರೆದರೆ ಡೇಟಾಬೇಸಿನಿಂದ ಬಂದ ಬೆಲೆ ಅಳಿಸಿಹೋಗುತ್ತದೆ.

ಇದನ್ನು ಪಾಠವಾಗಿ ಹೇಳುವುದಕ್ಕಿಂತ ಪ್ರಯೋಗಶಾಲೆಯಲ್ಲಿ ಮಾಡಿಸುವುದು ಮೇಲು. ಒಂದು ಗಂಟೆಯ ಅವಧಿ ಸಾಕು. ವಿಷಯ ಮತ್ತು ಅಂಕ ಇರುವ ಜಾವಾ ಕ್ಲಾಸೊಂದನ್ನು ಬರೆಸಿ, ಅಂಕ ಸೊನ್ನೆಗಿಂತ ಕಡಿಮೆಯಾದರೆ ತಿರಸ್ಕರಿಸುವ ಕನ್‌ಸ್ಟ್ರಕ್ಟರನ್ನೂ ಅದರಲ್ಲಿ ಒಂದು ಮುದ್ರಣದ ಆಜ್ಞೆಯನ್ನೂ ಇಡಿಸಿ. ಆಬ್ಜೆಕ್ಟನ್ನು ಕಟ್ಟಿ ಉಳಿಸಿ ಮತ್ತೆ ಬಿಚ್ಚಿದಾಗ ಮುದ್ರಣ ಎಷ್ಟು ಸಲ ಆಯಿತು ಎಂದು ಎಣಿಸಲು ಹೇಳಿ. ಆಮೇಲೆ ಒಂದು ಸಾರ್ವಜನಿಕ ಕ್ರಿಯೆ ಸೇರಿಸಿ ಹಳೆಯ ಗಂಟನ್ನು ಬಿಚ್ಚಿಸಿ. ಮುಂದೆ ಆವೃತ್ತಿ ಸಂಖ್ಯೆ ಘೋಷಿಸಿ ಹೊಸದಾಗಿ ಕಟ್ಟಿಸಿ, ‘ಗರಿಷ್ಠ 100’ ಎಂಬ ಫೀಲ್ಡ್ ಸೇರಿಸಿ ಅದರ ಬೆಲೆ ನೋಡಲಿ. ಕೊನೆಗೆ ಉಳಿಸಿದ ಕಡತವನ್ನು ಹದಿನಾರಾಧಾರದ ಸಂಪಾದಕದಲ್ಲಿ ತೆರೆಯಿಸಿ. ಜಾವಾದ ಪ್ರತಿ ಗಂಟೂ ಎಸಿ ಇಡಿ ಎಂಬ ಎರಡು ಬೈಟ್‌ಗಳಿಂದ ಆರಂಭವಾಗುತ್ತದೆ, ಪೂರ್ಣಾಂಕಕ್ಕೆ ನಾಲ್ಕು ಬೈಟ್. ಅಂಕ ಇರುವ ನಾಲ್ಕು ಬೈಟ್‌ಗಳನ್ನು ಹುಡುಕಿ ನಾಲ್ಕಕ್ಕೂ ಎಫ್ಎಫ್ ಎಂದು ಬರೆದು ಬಿಚ್ಚಿಸಿದರೆ, ಸೊನ್ನೆಗಿಂತ ಕಡಿಮೆ ಅಂಕವನ್ನು ಎಂದೂ ಒಪ್ಪದ ಆ ಕ್ಲಾಸಿನ ಆಬ್ಜೆಕ್ಟ್ ಋಣ ಒಂದು ಅಂಕದೊಂದಿಗೆ ತೆರೆಯ ಮೇಲೆ ಬರುತ್ತದೆ.